ಇಲ್ಲದ ಆಡು

ಆಡು ಅಡ್ಡ ಬಂತು ಎಂದೆ.
ಪೊಲೀಸರಿಗೆ, ಮಿನಿಬಸ್ಸಿನ ಮಾಲೀಕನಿಗೆ,
ದೆಡ್ಜಾ ಆಸ್ಪತ್ರೆಯ ನರ್ಸಮ್ಮನಿಗೆ,
ಎಲೆಸ್ತೀನಾಳ ಮೂವರು ಅಣ್ಣಂದಿರಿಗೆ
ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ.
ಕಪ್ಪು ಆಡು, ಒಂದು ಕಿವಿ ಹರಿದದ್ದು.
ಹೇಳಿದಷ್ಟೂ ಅದಕ್ಕೆ ರೋಮ ಬೆಳೆಯಿತು,
ಕೊರಳಿಗೊಂದು ಹಗ್ಗದ ತುಂಡೂ ಬಂತು.

ಎರಡು ರಾತ್ರಿ ನಿದ್ದೆಗೆಟ್ಟಿದ್ದೆ.
ಮಗಳು ತಡಾಲಾಳ ಫೀಸಿಗೆಂದು
ಲಿಲೋಂಗ್ವೆಗೆ ಇನ್ನೊಂದು ಟ್ರಿಪ್ಪು.
ಬೆಂಬೆಕೆಯ ತಿರುವಿನಲ್ಲಿ ರೆಪ್ಪೆ
ಒಂದೇ ಒಂದು ಸಲ ಮುಚ್ಚಿತು.
ತೆರೆದಾಗ ಗಾಜು, ಟೊಮೇಟೊ,
ಉಳಿದವರಿಗೆ ತರಚು ಗಾಯ,
ಸೊಂಟದಿಂದ ಕೆಳಗೆ ಯಾರದೋ ಎಂಬಂತೆ
ಬಿದ್ದಿದ್ದ ನನ್ನ ಹೆಂಡತಿ.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ.
ನನ್ನದು ಮನೆಯೊಳಗೇ ಬಂತು.
ಅವಳನ್ನು ಹೊರಳಿಸಿ ಬೆನ್ನು ಒರೆಸುವಾಗ
ಮೂಲೆಯಲ್ಲಿ ಮೆಲುಕು ಹಾಕುತ್ತಿತ್ತು.
ನ್ಸಿಮಾ ತಿರುವುವಾಗ ಸೌಟು ಮೂಸುತ್ತಿತ್ತು.
ಶಾಲೆ ಬಿಟ್ಟ ಮಗಳು ಮಡಿಸಿಟ್ಟ ಸಮವಸ್ತ್ರ ತಿಂದಿತು.
ನನ್ನ ಪ್ರಾರ್ಥನೆಯನ್ನೂ ತಿಂದಿತು:
ಮೊಣಕಾಲೂರಿ, ತಂದೆಯೇ, ಅನ್ನುವಷ್ಟರಲ್ಲಿ
ಮುಂದಿನ ಮಾತು ಇರುತ್ತಿರಲಿಲ್ಲ.

ಸ್ಟೀರಿಂಗ್ ಕಂಡರೆ ನಡುಕ.
ವರ್ಷವಿಡೀ ಸೈಕಲ್ಲನ್ನೂ ತಳ್ಳಿಕೊಂಡೇ ಹೋದೆ,
ಇಳಿಜಾರಿನಲ್ಲೂ.
ನಿದ್ದೆ ಬಂದರೆ ಭಯ. ಬಾರದಿದ್ದರೆ ಆಡು.

ಒಂದು ಭಾನುವಾರ ಪಾಲಕ ಕಚಿಂಗ್ವೆಯವರು
ದೋಣಿಯ ಕತೆ ಓದಿದರು. ಬಿರುಗಾಳಿ,
ಹುಟ್ಟು ಹಿಡಿದವರ ಕೂಗಾಟ,
ದಿಂಬಿಗೆ ತಲೆಯಿಟ್ಟು ಮಲಗಿದ್ದ ಅವನು.
ಗಾಳಿ ಅಡಗಿದ್ದಕ್ಕೆ ಎಲ್ಲರೂ ಸ್ತೋತ್ರ ಎಂದರು.
ನನಗೆ ಸಿಟ್ಟು:
ನೀನೂ ಮಲಗಿದೆಯಲ್ಲ ಸ್ವಾಮಿ,
ನಿನ್ನ ನಿದ್ದೆಗೆ ಯಾರ ಬೆನ್ನೂ ಮುರಿಯಲಿಲ್ಲವಲ್ಲ.
ಆ ವರ್ಷ ಅವನಿಗೆ ನಾನು ಹೇಳಿದ
ಮೊದಲ ನಿಜ ಅದು.
ಬೆಂಚಿನ ಕೆಳಗೆ ಆಡು ಕಿವಿ ನಿಮಿರಿಸಿತು.

ರಾತ್ರಿ, ದೀಪ ಆರಿಸದೆಯೇ ಹೇಳಿದೆ:
ಆಡು ಇರಲಿಲ್ಲ, ಎಲೆಸ್ತೀನಾ. ನಾನು ಮಲಗಿಬಿಟ್ಟೆ.

ಬಹಳ ಹೊತ್ತು ತೊಲೆ ನೋಡಿದಳು.
ಗೊತ್ತು, ಎಂದಳು. ನಿನ್ನ ಕಣ್ಣು ಮುಚ್ಚಿದ್ದು ಕಂಡೆ.
ಕೂಗಬೇಕು, ಅಷ್ಟರಲ್ಲಿ ಬುಟ್ಟಿ ಜಾರಿತು.
ಬುಟ್ಟಿ ಹಿಡಿದೆ, ಫೈಸನ್. ಟೊಮೇಟೊ ಹಿಡಿದೆ.
ನೀನು ಆಡು ಆಡು ಅನ್ನುವಾಗಲೆಲ್ಲ
ಹೌದಪ್ಪ, ಆಡೇ ಇರಲಿ ಅಂದುಕೊಂಡೆ.
ನನಗೂ ಅದು ಬೇಕಿತ್ತು.

ಆಡದೆ ಉಳಿದ ಮಾತೇ ಆಡಾಗಿತ್ತು,
ಇಬ್ಬರೂ ಮೇವು ಹಾಕಿದ್ದೆವು.
ಹಿಂದಿನವರು ಊರ ಪಾಪವನ್ನೆಲ್ಲ
ಹೋತದ ತಲೆಗೆ ಹೊರಿಸಿ ಅಡವಿಗಟ್ಟುತ್ತಿದ್ದರಂತೆ.
ನಮ್ಮದು ಅಡವಿಗೆ ಹೋಗಲೊಲ್ಲದು.
ಹೊರುವವನು ಒಬ್ಬನಿದ್ದಾನಲ್ಲ,
ಊರ ಹೊರಗೆ ಮರ ಹೊತ್ತು ನಡೆದವನು,
ಅವನಿಗೇ ಕೊಟ್ಟುಬಿಡೋಣ, ಎಂದಳು
ತರಕಾರಿಯ ಲೆಕ್ಕ ಹೇಳುವ ದನಿಯಲ್ಲಿ.
ಅವಳ ಕೈ ಹಿಡಿದು, ತಂದೆಯೇ, ಅಂದೆ.
ಮುಂದಿನ ಮಾತು ಅಲ್ಲೇ ಇತ್ತು.

ಅವಳ ಕಾಲಿಗೆ ಜೀವ ಬರಲಿಲ್ಲ.
ಅಣ್ಣಂದಿರಿಗೂ ನಿಜ ಹೇಳಿದೆ;
ಹಿರಿಯವನು ಈಗಲೂ ನಮ್ಮನೆಯ ನೀರು ಮುಟ್ಟುವುದಿಲ್ಲ.
ತಡಾಲಾಳ ಫೀಸು ಅರ್ಧ ಕಟ್ಟಿದ್ದೇನೆ.

ಮೊನ್ನೆ ಸಭೆಯವರ ಸೈಕಲ್ ಗಾಡಿ ಎರವಲು ತಂದು,
ಹಿಂದೆ ಅವಳನ್ನು ಮಲಗಿಸಿ ಹೊರಟೆ ಆಸ್ಪತ್ರೆಗೆ.
ತುಳಿದುಕೊಂಡೇ. ಇಳಿಜಾರಿನಲ್ಲಿ ಕೈ ನಡುಗಿತು.
ಎಚ್ಚರ ಇದ್ದೀಯಾ? ಕೂಗಿದಳು.
ಇದ್ದೇನೆ.
ಒಂದು ಫರ್ಲಾಂಗು ಕಳೆದು ಮತ್ತೆ, ಎಚ್ಚರ ಇದ್ದೀಯಾ?
ಇದ್ದೇನೆ. ನೀನು?
ನಾನೂ.

ಬೆಂಬೆಕೆಯ ತಿರುವಿನಲ್ಲಿ, ಸುಳ್ಳಲ್ಲ,
ಆಡು ಅಡ್ಡ ಬಂತು.
ಬಿಳಿಯದು, ಕಿವಿ ಎರಡೂ ನೆಟ್ಟಗಿದ್ದದ್ದು.
ಬ್ರೇಕ್ ಹಿಡಿದೆ. ನಿಂತೆವು.
ನಮ್ಮನ್ನೊಮ್ಮೆ ನೋಡಿ, ನಿಧಾನಕ್ಕೆ ದಾಟಿ,
ಆಚೆಯ ಹುಲ್ಲಿಗೆ ಬಾಯಿ ಹಾಕಿತು.
ಹಿಂದೆ ಗಾಡಿ ಕುಲುಕುತ್ತಿತ್ತು.
ಅಳುತ್ತಿದ್ದಾಳೇನೋ ಎಂದು ತಿರುಗಿದೆ.

ಇದನ್ನು ಮಾತ್ರ ಯಾರಿಗೂ ಹೇಳಬೇಡ ಮಾರಾಯ,
ನಗು ತಡೆಯುತ್ತ ಅಂದಳು,
ಒಬ್ಬರೂ ನಂಬುವುದಿಲ್ಲ.