ಕೀಲೆಣ್ಣೆ

ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವಳು ನಾನು.
ಯಂತ್ರದ ಮಾತು ನನಗೆ ಬರುವುದಿಲ್ಲ,
ಜೆಸ್ಕಾಂ ಬಿಲ್ಲಿನ ಮಾತು ಬರುತ್ತದೆ.

ಕಾರ್ತೀಕ ಮುಗಿದಿತ್ತು. ಅಂಗಳದ ತುಂಬ ಸೋನಾಮಸೂರಿ.
ಹೋದ ತಿಂಗಳಷ್ಟೇ ಮೂಟೆ, ಅಷ್ಟೇ ಪಾಳಿ,
ಬಿಲ್ಲು ಮಾತ್ರ ಇಪ್ಪತ್ತೊಂದು ಸಾವಿರ ಇಳಿದಿತ್ತು.
ಮೂರು ಸಲ ಕೂಡಿದೆ. ಮೀಟರು ಕೆಟ್ಟಿರಬೇಕು ಎಂದೆ.
ಸಾಹುಕಾರರು ಗಾಬರಿಯಾದರು: "ಸುಮ್ನಿರವ್ವಾ,
ಕೇಳಾಕ ಹೋದ್ರ ಹಳೇ ಬಾಕಿ ತೆಗೀತಾರ."

ಉತ್ತರ ಎಲಿವೇಟರಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿತ್ತು.
ಖಾಸಿಂಪೀರ.
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ,
ಬಸುರಿಯ ಹೊಟ್ಟೆಗೆ ಕಿವಿಯಿಟ್ಟ ಸೂಲಗಿತ್ತಿಯ ಹಾಗೆ.
"ಇದೊಂದು ಇನ್ನೂ ಅಳತೈತ್ರಿ," ಅಂದ.
ಅಳುವುದಕ್ಕೂ ಕರೆಂಟು ಬೇಕಲ್ಲ.

ಅವನ ಅಜ್ಜ ಸಿದ್ದಾಪುರದ ಬಂಡಿಕಾರ.
ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ
ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ತೂಗಿಬಿಡುತ್ತಿದ್ದ.
ಕಿರುಗುಟ್ಟುವ ಗಾಲಿ ಎತ್ತಿನ ಮೇವು ತಿನ್ನುತ್ತದೆ ಅನ್ನುತ್ತಿದ್ದನಂತೆ.
ಈಗ ಎತ್ತು ಶಕ್ತಿನಗರದಲ್ಲಿದೆ, ಕಲ್ಲಿದ್ದಲು ಮೇಯುತ್ತದೆ,
ಹಗ್ಗ ತಂತಿಯಾಗಿ ಇಲ್ಲಿಯತನಕ ಬಂದಿದೆ.

ಗ್ರೀಸು ಎಷ್ಟು ಹೆಚ್ಚು ಹಾಕಿದಿ, ಲೆಕ್ಕಕ್ಕೆ ಬೇಕು ಎಂದೆ.
"ಹೆಚ್ಚಲ್ಲರಿ ಅಕ್ಕಾರ, ಕಡಿಮಿ ಮಾಡೀನಿ.
ಮೊದಲಿದ್ದಾವ ತುರುಕಿ ತುರುಕಿ ಉಸಿರು ಕಟ್ಟಿತ್ತು ಅದಕ್ಕ.
ಪಟ್ಟಾ ಸಡಿಲಿತ್ತು, ಬಿಗಿದೀನಿ."
ಖರ್ಚಿನ ಕಾಲಮ್ಮಿಗೆ ಬರೆದೆ:
ಗ್ರೀಸು, ಎರಡು ಡಬ್ಬಿ, ಏಳುನೂರ ಅರವತ್ತು.
ಬಿಸಿಯಾಗದೆ ಹೋದದ್ದು, ಸವೆಯದೆ ಉಳಿದದ್ದು
ಬರೆಯಲು ಪುಸ್ತಕದಲ್ಲಿ ಕಾಲಮ್ಮಿಲ್ಲ.
ಆಗದ ನಷ್ಟಕ್ಕೆ ರಶೀದಿ ಇರುವುದಿಲ್ಲ.

ಹಾಗಾದರೆ ತಿಕ್ಕಾಟವೇ ನಮ್ಮ ಶತ್ರು ಅನ್ನು, ಎಂದರೆ ನಕ್ಕ.
ಶೆಲ್ಲರಿನ ಮುಚ್ಚಳ ತೆಗೆದು ತೋರಿಸಿದ:
ಎರಡು ರಬ್ಬರ್ ರೋಲು, ಒಂದು ಜೋರು, ಒಂದು ನಿಧಾನ,
ನಡುವೆ ಭತ್ತ.
ಹದವಾಗಿ ಉಜ್ಜಿದರೆ ಹೊಟ್ಟು ಬಿಡುತ್ತದೆ, ಅಕ್ಕಿ ಮುರಿಯುವುದಿಲ್ಲ.
"ಇಲ್ಲಿ ಎಣ್ಣಿ ಬಿಟ್ರ ಊರಿಗೇ ಉಪವಾಸ್ರಿ.
ಎಲ್ಲಿ ತಿಕ್ಕಬೇಕು, ಎಲ್ಲಿ ಜಾರಬೇಕು, ಅಷ್ಟ."

ಉಳಿದ ದುಡ್ಡಿನಲ್ಲಿ ಸಾಹುಕಾರರು
ಹಾಜರಿಗೆ ಹೆಬ್ಬೆರಳಿನ ಯಂತ್ರ ತಂದರು.
ಹಮಾಲರದು ಹಿಡಿಯಿತು, ನನ್ನದು ಹಿಡಿಯಿತು.
ಖಾಸಿಂಪೀರ ಒರೆಸಿ ಒತ್ತಿದ, ಉಗುಳು ಹಚ್ಚಿ ಒತ್ತಿದ,
ಎಡಗೈ ಒತ್ತಿದ.
ಮೂವತ್ತು ವರ್ಷದ ಪಾನಾ ಗೆರೆಗಳನ್ನೆಲ್ಲ ತಿಂದು ಮುಗಿಸಿತ್ತು.
ಕೆಂಪು ದೀಪ ಹಾಕಿಕೊಂಡು ಯಂತ್ರ ಕೂಗುತ್ತಲೇ ಇತ್ತು.

ಅವನು ಬಾಗಿ ಅದಕ್ಕೂ ಕಿವಿಗೊಟ್ಟ.
"ಇದರಾಗ ಬೇರಿಂಗ ಇಲ್ರಿ," ಅಂದ.

ಹಳೆಯ ಪುಸ್ತಕ ಎಳೆದುಕೊಂಡು
ನಾನು ಪೆನ್ನಿನಲ್ಲಿ ಬರೆದೆ: ಹಾಜರು.