ಏಳು ಕಳೆದು, ಎರಡು ಕೂಡಿ

ಲುಡ್ವೀಕ್, ನಿನ್ನ ತಿದ್ದುಪಡಿ ಬಂದಿದೆ.
ಏಳು ಸಾಲು ಕಳೆದಿದ್ದೀ, ಎರಡು ಕೂಡಿದ್ದೀ.
ನೆತ್ತಿಯ ಮೇಲೆ ಒಂದೇ ಮಾತು:
"ಸಣ್ಣ ಸ್ವಚ್ಛತೆ. ನಡವಳಿಕೆಯಲ್ಲಿ ಬದಲಾವಣೆ ಇಲ್ಲ."

ಆ ಕೊನೆಯ ನಾಲ್ಕಕ್ಷರ ಓದಿದಾಗಲೆಲ್ಲ
ಎದ್ದು ಹೋಗಿ ಚಹಾಕ್ಕೆ ನೀರಿಡುತ್ತೇನೆ.
ಬದಲಾವಣೆ ಇಲ್ಲ ಅಂದವರನ್ನು ನಂಬಿ
ರಾತ್ರಿ ಮೂರಕ್ಕೆ ಎರಡು ಸಲ ಎದ್ದವಳು ನಾನು.

ಬ್ರನೋದಲ್ಲಿ ಮಾರ್ಚ್. ಕಿಟಕಿಯಾಚೆ ಗುಡ್ಡದ ಇಳಿಜಾರಿಗೆ
ಊರವರು ಬಾಡಿಗೆಗೆ ಹಿಡಿದ ತೋಟದ ತುಂಡುಗಳು:
ತಲೆಗೊಂದು ಮರದ ಗೂಡು, ನೀರಿನ ಪೀಪಾಯಿ,
ನಡುನಡುವೆ ತಂತಿ.
ನಮ್ಮ ಕೆಲಸವೂ ಅದೇ ಅಲ್ಲವೇ?
ಖಾಲಿ ವಿಳಾಸಗಳ ಬಯಲಲ್ಲಿ ಗೆರೆ ಎಳೆದು
ಇಲ್ಲಿಂದ ಇಲ್ಲಿಗೆ ನಿನ್ನದು, ಓದಬಹುದು, ಬರೆಯುವಂತಿಲ್ಲ;
ಅಲ್ಲಿಂದಾಚೆ ಇನ್ನೊಬ್ಬರದು, ಇಣುಕುವಂತೆಯೂ ಇಲ್ಲ.
ಅಕ್ಕಪಕ್ಕದ ಎರಡು ತುಂಡಿಗೆ ಹಕ್ಕು ಒಂದೇ ಆದರೆ
ಬದು ಒಡೆದು ಒಂದು ಮಾಡುವುದು.
ಸೊನ್ನೆಯ ಪುಟ ಮಾತ್ರ ಯಾರಿಗೂ ಕೊಡುವುದಿಲ್ಲ.
ದಾರಿ ತಪ್ಪಿದವರು ಮುಗ್ಗರಿಸಲೆಂದೇ
ಅದನ್ನು ಪಾಳು ಬಿಟ್ಟಿದ್ದೇವೆ.

ನೀನು ಕಿತ್ತದ್ದು ಒಂದು ಪ್ರಶ್ನೆಯನ್ನು:
ಕೊನೆ ಮೊದಲಿಗಿಂತ ಮುಂದಿದೆಯೇ?
ಬರುವವರೆಲ್ಲ ಮನೆಯಲ್ಲೇ ಕೇಳಿಕೊಂಡು ಬರುತ್ತಾರೆ,
ಬಾಗಿಲಲ್ಲಿ ಮತ್ತೆ ಯಾಕೆ ಅನ್ನುತ್ತೀ.
ಸರಿಯೇ ಇರಬಹುದು.
ಆದರೆ ಅದರ ಜೊತೆ ಒಂದು ಟಿಪ್ಪಣಿಯೂ ಹೋಗಿದೆ:
"ಹೀಗಾಗಲು ಸಾಧ್ಯವಿಲ್ಲ. ಒಮ್ಮೆ ಆಯಿತು. ಕ್ವೆ."

ಕ್ವೆ ಅಂದರೆ ಕ್ವೆಟೊಸ್ಲಾವ್. ನೀನು ನೋಡಿರಲಿಕ್ಕಿಲ್ಲ.
ಇದೇ ಇಳಿಜಾರಿನಲ್ಲಿ ಎಡದಿಂದ ಮೂರನೆಯ ತುಂಡು ಅವನದು.
ಮೂಲಂಗಿ ಬೆಳೆಯುತ್ತಿದ್ದ, ಬಹಳ ಕೆಟ್ಟದಾಗಿ;
ಉಗುರಲ್ಲಿ ಮಣ್ಣಿಟ್ಟುಕೊಂಡೇ ಕೀಲಿಮಣೆಗೆ ಕೂರುತ್ತಿದ್ದ.
ಒಮ್ಮೆ ಏನಾಯಿತು, ಎಂದು ಕೇಳೋಣವೆಂದರೆ
ಹೋದ ಅಕ್ಟೋಬರಿಗೆ ನಾಲ್ಕು ವರ್ಷ.

ಹಾಗಾಗಿ ಕರೆಯುವವರ ಮನೆಮನೆಗೆ ಹೋಗಿಬಂದೆ.
ನಾಲ್ವರು.
ಮೊದಲನೆಯವನು ಕೇಳಿಯೇ ಹೊರಡುತ್ತಾನೆ.
ಎರಡನೆಯವನು ಎರಡು ಸಲ ಕೇಳುತ್ತಾನೆ, ಪುಕ್ಕಲ.
ಮೂರನೆಯವನ ಲೆಕ್ಕಕ್ಕೆ ಕಾಗದ ಬೇಕಾಯಿತು:
ಉದ್ದವನ್ನು ಪುಟದ ಅಂಚಿಗೆ ಏರಿಸುವಾಗ
ಅಂಕಿ ತುಂಬಿ ತುಳುಕಿ ಸೊನ್ನೆಗೆ ಬಿದ್ದೀತೇ?
ಬೀಳದು. ಅಷ್ಟರಲ್ಲಿ ಚಹಾ ಆರಿತ್ತು.
ನಾಲ್ಕನೆಯವನ ಮನೆಯೇ ಇಲ್ಲ.

ಹಳೆಯ ದಾಖಲೆ ಅಗೆದೆ. ಒಂದು ಮುದಿ ಪ್ರೊಸೆಸರು,
ಓಸ್ಟ್ರಾವಾದ ಉಕ್ಕಿನ ಕಾರ್ಖಾನೆಯಲ್ಲಿ
ತೂಕದ ಯಂತ್ರ ನಡೆಸುತ್ತಿದ್ದದ್ದು,
ಚಳಿ ಹೆಚ್ಚಾದ ದಿನ ಆದಿಗಿಂತ ಮೊದಲೇ ಅಂತ್ಯವನ್ನು ಕಳಿಸುತ್ತಿತ್ತು.
ಎರಡು ವರ್ಷದ ಹಿಂದೆ ಅದರ ಕೋಡನ್ನು ಇಡಿಯಾಗಿ ಕಿತ್ತುಹಾಕಿದವರು ಯಾರು?
ನಾನೇ.
ದಾರಿ ಅಳಿಸಿದ್ದೆ, ಕಾವಲಿನವನಿಗೆ ಹೇಳಿರಲಿಲ್ಲ.
ಪಾಪ, ನಿಂತೇ ಇದ್ದ,
ಪ್ರತಿ ಕರೆಗೂ ಚೀಟಿ ಬಿಡಿಸಿ ನೋಡಿ, ಹೋಗಿ, ಹೋಗಿ ಅನ್ನುತ್ತ,
ಸೆಕೆಂಡಿಗೆ ಎಷ್ಟು ಸಾವಿರ ಸಲವೋ,
ಬರಲಾರದ ಒಬ್ಬನಿಗಾಗಿ.

ಕಳೆ ಅಂದರೆ ಕಸ. ಕಳೆ ಅಂದರೆ ಕಳೆದುಬಿಡು.
ಮುಖದ ಮೇಲೆ ಇರುವುದಕ್ಕೂ ಕಳೆ ಅಂತಲೇ ಹೆಸರು.
ಕೀಳುವ ಕೈಗೆ ಇದು ಗೊತ್ತಿರಬೇಕು.

ಹೊರಗೆ ಮೂರನೆಯ ತುಂಡಿನಲ್ಲಿ ಯಾರೋ ಹೊಸಬರು
ತುಕ್ಕು ತಂತಿಯನ್ನು ಸುರುಳಿ ಸುತ್ತುತ್ತಿದ್ದಾರೆ.
ಪಕ್ಕದವಳು ಕೈಗವಸು ತೊಟ್ಟು ಇನ್ನೊಂದು ತುದಿ ಹಿಡಿದಿದ್ದಾಳೆ.

ಲುಡ್ವೀಕ್, ನಿನ್ನ ಕೆಲಸ ಸರಿ ಇದೆ. ಕೀಳು.
ಆದರೆ ವಿವರಣೆಯನ್ನು ಮತ್ತೆ ಬರೆ:
ಈ ಕಾವಲು ಯಾಕೆ ಬಂತು, ಯಾವತ್ತಿನಿಂದ ಬೇಡವಾಯಿತು.
ಓಸ್ಟ್ರಾವಾದ ಚಳಿ ಇರಲಿ, ನನ್ನ ಮರೆವೂ ಇರಲಿ,
ಕ್ವೆ ಎಂಬುದನ್ನು ಬಿಡಿಸಿ ಪೂರ್ತಿ ಹೆಸರು ಹಾಕು.
ಮತ್ತೆ ಎರಡನೆಯ ಹೊಸ ಸಾಲಿನ ತುದಿಗೆ
ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದಿದೆ.
ಅದನ್ನೂ ತೆಗೆ.