ಮೊದಲನೆಯದನ್ನು ಬಿಟ್ಟು

ಗಣಂಗೂರು ದಾಟಿದ ಮೇಲೆ ಟೈರು ಉಸಿರು ಬಿಟ್ಟಿತು.
ಎಲ್ಲರೂ ಇಳಿದೆವು. ಬೆಳಿಗ್ಗೆ ಎಂಟೂಕಾಲು.
ಸರ್ವಿಸ್ ರಸ್ತೆಯ ಧೂಳಿಗೆ ಆಗಲೇ ಬಿಸಿಲು ಹತ್ತಿತ್ತು.

ಪಕ್ಕದ ಸೀಟಿನಾಕೆಯ ಹೆಸರು ತಿಳಿದದ್ದೇ ಅವತ್ತು:
ಖುರ್ಷಿದ್‌ಬಿ. ಮಂಡ್ಯದ ಹಾಸಿಗೆ ಅಂಗಡಿಯಲ್ಲಿ ರಜಾಯಿ ಹೊಲಿಯುವವಳು.
ಬುರ್ಖಾದ ತೋಳಿಗೆ ಯಾವಾಗಲೂ ಒಂದೆಳೆ ಹತ್ತಿ.
ಫ್ಲಾಸ್ಕು ತೆರೆದು ಮುಚ್ಚಳಕ್ಕೆ ಕಾಫಿ ಬಗ್ಗಿಸಿದೆ.
‘ಬಸ್’ ಅಂದಳು.
ರಸ್ತೆಯತ್ತ ತಿರುಗಿದೆ.
‘ಬಸ್, ಟೀಚರಮ್ಮ, ಬಸ್!’
ಎಲ್ಲಿ, ಎಲ್ಲಿ ಎಂದು ನಾನು ಕತ್ತು ಚಾಚಿ
ಶ್ರೀರಂಗಪಟ್ಟಣದ ದಿಕ್ಕನ್ನೆಲ್ಲ ಹುಡುಕುವಷ್ಟರಲ್ಲಿ
ಕಾಫಿ ಅವಳ ಮೊಣಕೈವರೆಗೆ ಹರಿದು
ಹತ್ತಿಯೆಳೆ ಕಂದು ಬಣ್ಣಕ್ಕೆ ತಿರುಗಿತ್ತು.
‘ಸಾಕು ಅಂದಿದ್ದು ನಾನು’ ಎಂದಳು,
ಸುಟ್ಟ ಕೈ ಕೊಡವುತ್ತ, ನಗುತ್ತ.

ಸ್ಟಾಫ್ ರೂಮಿನ ಬೀರುವಿನಲ್ಲಿ
ಗೆದ್ದಲು ಅಕಾರ ಮುಗಿಸಿ ಆಕಾರಕ್ಕೆ ಕೈಹಾಕಿದ್ದ ಒಂದು ನಿಘಂಟು.
ಪುಣ್ಯಕ್ಕೆ ಬಕಾರ ಉಳಿದಿತ್ತು.
ಅವಳ ಬಸ್ ಪಾರಸಿಯದು. ಕುದುರೆ ಬೆನ್ನೇರಿ,
ದಖ್ಖನ್ನಿನ ಕಲ್ಲುಹಾದಿ ಸವೆಸಿ
ಮಂಡಿ ಮೊಹಲ್ಲಾದ ಅಡುಗೆಮನೆಗೆ ಬಂದಿಳಿದದ್ದು:
ತುಂಬಿತು, ಇನ್ನು ಬೇಡ.
ನನ್ನದು ಲ್ಯಾಟಿನ್ನಿನದು. ಅದೂ ಪೂರಾ ಪದವಲ್ಲ,
ಓಮ್ನಿಬಸ್, ‘ಎಲ್ಲರಿಗೆ’ ಎಂಬುದರ
ತಲೆ ಕತ್ತರಿಸಿದ ಮೇಲೆ ಉಳಿದ ಬಾಲ.

ಅಂದರೆ ಬರೀ ಪ್ರತ್ಯಯ!
ಒಂಬತ್ತನೇ ಕ್ಲಾಸಿಗೆ ಇಪ್ಪತ್ತೆರಡು ವರ್ಷದಿಂದ
ನಾನು ಉರು ಹೊಡೆಸುತ್ತಿರುವ ಚತುರ್ಥಿ:
ಗೆ, ಇಗೆ, ಕೆ, ಅಕ್ಕೆ.
‘ಎಲ್ಲರು’ ಯಾವ ಸ್ಟಾಪಿನಲ್ಲೋ ಇಳಿದುಹೋಗಿ
‘ಗೆ’ ಒಂದೇ ಆರು ಗಾಲಿಯ ಮೇಲೆ ಓಡುತ್ತಿದೆ,
ತೂಬಿನಕೆರೆಗೆ, ಯಲಿಯೂರಿಗೆ, ಇಂಡುವಾಳಿಗೆ,
ಕೋರ್ಟಿಗೆ, ಹೆರಿಗೆಗೆ, ಹಲ್ಲುನೋವಿಗೆ,
ಬೀಗರ ಮನೆಯ ಜಗಳಕ್ಕೆ.
ಮಾರನೇ ದಿನ ಹೇಳಿದೆ. ಖುರ್ಷಿದ್‌ಬಿ ಕೇಳಿಸಿಕೊಂಡು
ಕಂಡಕ್ಟರ್ ಚೆಲುವೇಗೌಡರು ಕೊಟ್ಟ ಸೊನ್ನೆ ರೂಪಾಯಿ ಚೀಟಿಯನ್ನು
ನಾಲ್ಕಾಗಿ ಮಡಿಸಿ ಬಳೆಯೊಳಗೆ ಸಿಕ್ಕಿಸಿಕೊಂಡಳು.
‘ನಿಂದು ಎಲ್ಲರಿಗೆ. ನಂದು ಸಾಕು.
ಎಲ್ಲರಿಗೂ ಸಾಕಾದ್ರೆ ಒಳ್ಳೇದೇ ಅಲ್ವಾ’ ಅಂದು
ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು.

ಮನೆಯದೇ ಮೂರನೆಯದೊಂದಿದೆ ಎಂದು ನೆನಪಿಸಿದ್ದು
ಕೆರಗೋಡಿನಾಚೆಯ ಹಳ್ಳಿಯಿಂದ ಬರುವ ಹಂಸವೇಣಿ.
‘ಲೋಪಸಂಧಿಗೆ ಒಂದು ಉದಾಹರಣೆ ಕೊಡಿ’ ಎಂಬ ಪ್ರಶ್ನೆಗೆ
ದುಂಡಗೆ ಬರೆದಿದ್ದಳು:
ಬಸ್ಸು + ಆರು = ಬಸ್ಸಾರು.
ಬಸಿ ಅನ್ನೋದು ನಮ್ಮ ಧಾತು ಕಣೇ,
ಹುರುಳಿಕಾಳು ಬೇಯಿಸಿ, ಕಟ್ಟು ಬಸಿದು,
ಅದಕ್ಕೆ ಖಾರ ಅರೆದು ಹಾಕಿ ಮಾಡೋ ಸಾರು,
ನಿಮ್ಮವ್ವ ಮಾಡಲ್ವೇನೇ?
‘ಮಾಡ್ತಾರೆ ಮಿಸ್. ಆದ್ರೆ ನಮ್ಮೂರಿಗೆ ಬರೋದು ಎರಡೇ ಬಸ್ಸು.
ಬರೆಯೋವಾಗ್ಲಾದ್ರೂ ಆರಿರಲಿ ಅಂತ.’
ಒಂದಕ್ಕೆ ಒಂದು ಅಂಕ ಕೊಟ್ಟೆ.
ಸೂತ್ರ ತಪ್ಪಿರಲಿಲ್ಲ.

ಈ ವರ್ಷ ಖುರ್ಷಿದ್‌ಬಿಗೆ ಸೂಜಿಯ ಕಣ್ಣು ಕಾಣುವುದಿಲ್ಲ.
ನನ್ನ ಪಕ್ಕದಲ್ಲಿ ಯಾರ್ಯಾರೋ ಕೂರುತ್ತಾರೆ,
ಫೋನಿನಲ್ಲಿ ಭತ್ತದ ರೇಟು ಮಾತಾಡುತ್ತಾರೆ.
ಸೀಟಿನ ಸಂದಿನಲ್ಲಿ ಬೆರಳಾಡಿಸಿದೆ ಒಮ್ಮೆ,
ಹತ್ತಿ ಸಿಕ್ಕೀತೆಂದು. ಸಿಕ್ಕಿದ್ದು ಕಡಲೆಕಾಯಿ ಸಿಪ್ಪೆ.

ಶನಿವಾರ ಮಧ್ಯಾಹ್ನ ಕ್ಯಾರಿಯರ್ ಹಿಡಿದು
ಮಂಡಿ ಮೊಹಲ್ಲಾದ ಮೂರನೇ ಗಲ್ಲಿಗೆ ಹೋದೆ.
ಎರಡು ಮುದ್ದೆ, ಮೇಲಿನ ಡಬ್ಬಿಯಲ್ಲಿ ಕಾಳುಪಲ್ಯ, ಕೆಳಗೆ ಬಸ್ಸಾರು.
ಅವಳು ಬಟ್ಟಲು ತಂದಳು, ಅಂಚು ಮುಟ್ಟಿ ನೋಡಿ ಇಟ್ಟಳು.
ಒಂದು ಸೌಟು ಹಾಕಿದೆ.
‘ಬಸ್’ ಅಂದಳು.
ಈಗ ನನಗೆ ಅರ್ಥ ಗೊತ್ತು.
ಉಣ್ಣುವವರ ಸಾಕನ್ನು
ನಮ್ಮ ಕಡೆ ಎಷ್ಟು ನಂಬಬೇಕೆನ್ನುವುದೂ ಗೊತ್ತು.
ಕತ್ತು ಚಾಚಿ ಕಿಟಕಿಯಾಚೆ ನೋಡಿದೆ:
ಎಲ್ಲಿ? ಎಲ್ಲಿ?
ನಕ್ಕಳು, ಅಂಗೈ ಅಡ್ಡ ಹಿಡಿಯುವುದನ್ನೂ ಮರೆತು.

ಮೊದಲ ಬಸ್ ಬಿಟ್ಟೆ.
ಎರಡನೆಯದಕ್ಕೆ ನಿಂತೆ.